ಅಕ್ಟೋಬರ್‌ನಲ್ಲಿ ಸೇಲಂ: ಟಿಕೆಟ್ ಇರೋದಕ್ಕೆ ಮೂರು ಸ್ಟಾರ್, ಪುಕ್ಕಟೆ ಇರೋದಕ್ಕೆ ಐದು

ಮೊದಲೇ ಹೇಳಿಬಿಡ್ತೀನಿ, ಇದು ಮಾವಿನಹಣ್ಣಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ, ಬೋಸ್ಟನ್‌ನಿಂದ ಟ್ರೈನಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ ದಾರಿ. 1692ರಲ್ಲಿ ಮಾಟ ಮಾಡ್ತಾರೆ ಅಂತ ಅಮಾಯಕರನ್ನ ನೇಣಿಗೆ ಹಾಕಿದ ಊರು, ಈಗ ಅದೇ ಮಾಟಗಾತಿ ಚಿತ್ರ ಹಾಕಿ ಟೀಶರ್ಟು ಮಗ್ಗು ಡೋನಟ್ಟು ಎಲ್ಲ ಮಾರ್ತಾ ಇರೋ ಊರು. 2024ರ ಅಕ್ಟೋಬರ್‌ನಲ್ಲಿ ಅತ್ತೆ ಹಾಸನದಿಂದ ಬಂದಿದ್ರು, ಮಗಳಿಗೆ ಹ್ಯಾಲೋವೀನ್ ಹುಚ್ಚು, ಯಜಮಾನರಿಗೆ ಹಿಸ್ಟರಿ ಹುಚ್ಚು, ನನಗೆ ಇವರು ಮೂರೂ ಜನ ಮನೇಲಿ ಕೂತು ನನ್ನ ತಲೆ ತಿನ್ನದಿದ್ರೆ ಸಾಕು ಅಂತ, ಹಾಗಾಗಿ ಒಮ್ಮೆ ವಾರದ ಮಧ್ಯೆ ಜಾಗಗಳನ್ನ ನೋಡೋಕೆ, ಆಮೇಲೆ ಅಕ್ಟೋಬರ್ 31ಕ್ಕೇ ಮತ್ತೆ ಗಲಾಟೆ ನೋಡೋಕೆ ಅಂತ ಹೋಗಿ ಬಂದ್ವಿ. ಈ ಕಡೆ ಇರೋ ಕನ್ನಡದವರು ಪ್ರತಿ ವರ್ಷ ವಾಟ್ಸಾಪಲ್ಲಿ ಸೇಲಂಗೆ ಹೋಗ್ಬೋದಾ, ಮಕ್ಕಳು ಹೆದರ್ಕೊಳ್ತಾರಾ, ಪಾರ್ಕಿಂಗ್ ಸಿಗುತ್ತಾ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೀತಿದೀನಿ.

ಪಾರ್ಕಿಂಗ್ ಸಿಗಲ್ಲ. ಊರಿನ ಜನಸಂಖ್ಯೆ 44 ಸಾವಿರದ ಆಸುಪಾಸು, ಅಕ್ಟೋಬರ್ ಒಂದೇ ತಿಂಗಳಲ್ಲಿ ಬರೋರು ಹತ್ತು ಲಕ್ಷದ ಮೇಲೆ, ನೀವೇ ಲೆಕ್ಕ ಹಾಕ್ಕೊಳ್ಳಿ. 1982ರಲ್ಲಿ ಹಾಂಟೆಡ್ ಹ್ಯಾಪನಿಂಗ್ಸ್ ಅಂತ ಒಂದು ಸಣ್ಣ ಹ್ಯಾಲೋವೀನ್ ಹಬ್ಬ ಅಂತ ಶುರುವಾಗಿದ್ದು ಈಗ ಇಡೀ ತಿಂಗಳು ನಡೆಯೋ ಜಾತ್ರೆ ಆಗಿದೆ. ಒಂದು ಪ್ರೈವೇಟ್ ಲಾಟ್‌ನೋರು ದಿನಕ್ಕೆ 60 ಡಾಲರ್ ಅಂತ ರಟ್ಟಿನ ಬೋರ್ಡ್ ಹಿಡ್ಕೊಂಡು ನಿಂತಿದ್ದನ್ನ ಕಣ್ಣಾರೆ ನೋಡಿದ್ವಿ, ಅದಕ್ಕೂ ಕಾರುಗಳ ಲೈನ್ ಇತ್ತು. ಊರಿನ ಆಡಳಿತದೋರೇ ಕಾರ್ ತರಬೇಡ್ರಪ್ಪಾ ಅಂತ ಬೇಡ್ಕೊಳ್ತಾರೆ. ಸುಮ್ಮನೆ ಬೋಸ್ಟನ್ ನಾರ್ತ್ ಸ್ಟೇಷನ್‌ಗೆ ಹೋಗಿ ನ್ಯೂಬರಿಪೋರ್ಟ್ ಅಥವಾ ರಾಕ್‌ಪೋರ್ಟ್ ಕಡೆ ಹೋಗೋ ಕಮ್ಯೂಟರ್ ರೈಲು ಹತ್ತಿ, ಎರಡೂ ಸೇಲಂ ಮೇಲೇ ಹೋಗೋದು. ಬೇಸಿಗೆಯಿಂದ ಅಕ್ಟೋಬರ್ ಕೊನೆವರೆಗೂ ಲಾಂಗ್ ವಾರ್ಫ್‌ನಿಂದ ಫೆರಿನೂ ಇದೆ, ಸಮುದ್ರದ ಗಾಳಿ ತಡ್ಕೊಳ್ಳೋ ಶಕ್ತಿ ಇದ್ರೆ ಅದೂ ಚೆನ್ನಾಗಿರುತ್ತೆ, ಅತ್ತೆ ಮಾತ್ರ ಬೇಡಮ್ಮ ನನಗೆ ಶೀತ ಆಗುತ್ತೆ ಅಂದ್ರು. ಸ್ಟೇಷನ್ನಲ್ಲಿ ಇಳಿದ್ರೆ ನೇಣಿಗೆ ಹಾಕಿದ ಪ್ರಾಕ್ಟರ್ಸ್ ಲೆಡ್ಜ್ ಅನ್ನೋ ಜಾಗ ಬಿಟ್ಟು ನೋಡೋದೆಲ್ಲ ಹೆಚ್ಚುಕಮ್ಮಿ ಹತ್ತಿಪ್ಪತ್ತು ನಿಮಿಷದ ನಡಿಗೆಯೊಳಗೆ ಇದೆ.

ಮೊದಲು ಎಲ್ಲರೂ ಹೋಗೋದು ಸೇಲಂ ವಿಚ್ ಮ್ಯೂಸಿಯಂಗೆ. ಹಳೇ ಚರ್ಚ್ ಕಟ್ಟಡ, 1972ರಿಂದ ನಡೀತಿದೆ, ಟಿಕೆಟ್ ಆನ್‌ಲೈನಲ್ಲಿ ಟೈಮ್ ಸ್ಲಾಟ್ ನೋಡಿ ತಗೋಬೇಕು, ಅಕ್ಟೋಬರ್‌ನಲ್ಲಿ ಸ್ಲಾಟ್ ಬೇಗ ಖಾಲಿ ಆಗ್ತವೆ. ಒಳಗೆ ಕತ್ತಲೆ ಹಾಲ್, ಸುತ್ತ ಎತ್ತರದಲ್ಲಿ ಆಳೆತ್ತರದ ಗೊಂಬೆಗಳು, ಕಥೆ ಹೇಳೋ ಧ್ವನಿ ಬರ್ತಾ ಇರುತ್ತೆ, ಒಂದೊಂದೇ ದೃಶ್ಯಕ್ಕೆ ಲೈಟ್ ಬೀಳುತ್ತೆ. ನನಗೆ ಥೇಟ್ ಮೈಸೂರು ದಸರಾ ಎಕ್ಸಿಬಿಷನ್‌ನಲ್ಲಿ ಚಿಕ್ಕೋಳಿದ್ದಾಗ ನೋಡಿದ ಗೊಂಬೆ ಪ್ರದರ್ಶನದ ಹಾಗೇ ಅನ್ನಿಸ್ತು, ಹಳೇ ಕಾಲದ್ದು, ಆದ್ರೆ ಏನೂ ಗೊತ್ತಿಲ್ಲದೆ ಹೋದವರಿಗೆ ಅಷ್ಟೂ ಕಥೆ ಒಂದೇ ಸಲ ತಲೆಗೆ ಇಳಿಯುತ್ತೆ, ಅದಕ್ಕೇ ಇದನ್ನ ಮೊದಲು ನೋಡಿ ಅಂತೀನಿ. ತೀರಾ ಸಣ್ಣ ಮಕ್ಕಳು ಆ ಕತ್ತಲಿಗೇ ಅಳಬಹುದು. ಮ್ಯೂಸಿಯಂ ಎದುರಿಗೆ ದೊಡ್ಡ ನಿಲುವಂಗಿ, ಉದ್ದ ಟೋಪಿ ಹಾಕ್ಕೊಂಡಿರೋ ಒಂದು ಕಂಚಿನ ಪ್ರತಿಮೆ ಇದೆ, ಎಲ್ಲರೂ ಇದೇ ಮಾಟಗಾರ ಅಂತ ಅದರ ಕೆಳಗೆ ನಿಂತು ಫೋಟೋ ತೆಗೆಸ್ಕೊಳ್ತಾರೆ, ಪಾಪ ಅವನು ರೋಜರ್ ಕೊನಂಟ್, 1626ರಲ್ಲಿ ಊರು ಕಟ್ಟಿದವನು, ಮಾಟಕ್ಕೂ ಅವನಿಗೂ ಯಾವ ಸಂಬಂಧನೂ ಇಲ್ಲ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. 1692ರ ಚಳಿಗಾಲದಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯ ಇಬ್ಬರು ಹುಡುಗಿಯರು, ಮಗಳು ಬೆಟ್ಟಿ ಮತ್ತೆ ಸಂಬಂಧಿಕರ ಹುಡುಗಿ ಅಬಿಗೇಲ್, ಮೈ ತಿರುಚ್ಕೊಂಡು ಕಿರುಚೋಕೆ ಶುರು ಮಾಡಿದ್ರು. ಮಾಟ ಯಾರು ಮಾಡಿದ್ದು ಅಂತ ಕಂಡುಹಿಡಿಯೋಕೆ ಪಕ್ಕದ ಮನೆಯೋಳೊಬ್ಬಳ ಐಡಿಯಾ ಮೇಲೆ ಆ ಹುಡುಗಿಯರ ಉಚ್ಚೆ ಕಲಸಿ ರೈ ಹಿಟ್ಟಿನ ರೊಟ್ಟಿ ಸುಟ್ಟು ನಾಯಿಗೆ ಹಾಕಿದ್ರಂತೆ, ಇದು ಕಟ್ಟುಕಥೆ ಅಲ್ಲ, ದಾಖಲೆಯಲ್ಲೇ ಇದೆ. ಅತ್ತೆ ಇದನ್ನ ಕೇಳಿ ನಾವು ದೃಷ್ಟಿ ತೆಗೆಯೋಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತೀವಿ, ಇವರು ಪಾಪ ನಾಯಿಗೆ ಯಾಕೆ ಹಾಕಿದ್ರೋ ಅಂದ್ರು. ಮೊದಲು ಸಿಕ್ಕಿಬಿದ್ದೋರು ಮನೆಯ ಗುಲಾಮಳು ಟಿಟುಬಾ, ಭಿಕ್ಷೆ ಬೇಡ್ತಿದ್ದ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್, ಅಂದ್ರೆ ಪರವಾಗಿ ಮಾತಾಡೋಕೆ ಯಾರೂ ಇಲ್ಲದೋರೇ. ಆಮೇಲೆ ಬೆಂಕಿ ಹಬ್ಬಿದ ಹಾಗೆ 150ಕ್ಕೂ ಜಾಸ್ತಿ ಜನರ ಮೇಲೆ ಆರೋಪ, 19 ಜನಕ್ಕೆ ನೇಣು, 80 ದಾಟಿದ್ದ ಜೈಲ್ಸ್ ಕೋರಿ ಅನ್ನೋ ಮುದುಕ ಕೋರ್ಟಲ್ಲಿ ವಿಚಾರಣೆಗೇ ಒಪ್ಪದೆ ಇದ್ದಿದ್ದಕ್ಕೆ ಎದೆ ಮೇಲೆ ಕಲ್ಲು ಹೇರಿ ಹೇರಿ ಸಾಯಿಸಿದ್ರು, ಕೊನೆಕೊನೆಗೂ ಇನ್ನೂ ಭಾರ ಹಾಕಿ ಅಂದ ಅಂತ ಹೇಳ್ತಾರೆ. ಜೈಲಲ್ಲೇ ಸತ್ತೋರು ಬೇರೆ. ಇದರಲ್ಲಿ ಹೊಟ್ಟೆ ಉರಿಯೋ ವಿಷಯ ಏನಂದ್ರೆ ಹೌದು ನಾನು ಮಾಟಗಾತಿ ಅಂತ ಒಪ್ಕೊಂಡೋರು ಹೆಚ್ಚುಕಮ್ಮಿ ಬದುಕೊಂಡ್ರು, ದೇವರಾಣೆ ನಾನಲ್ಲ ಅಂದೋರು ನೇಣಿಗೆ ಹೋದ್ರು.

ಇನ್ನೊಂದು, ಯಾರನ್ನೂ ಸುಡಲಿಲ್ಲ. ನಾವು ರಾತ್ರಿ ಹೋದ ಒಂದು ಗೋಸ್ಟ್ ಟೂರ್‌ನ ಗೈಡ್, ಹೆಸರು ಬೇಡ ಬಿಡಿ, ಕೈಯಲ್ಲಿ ಲಾಟೀನು ಹಿಡ್ಕೊಂಡು ದಪ್ಪ ಧ್ವನಿಯಲ್ಲಿ ಇದೇ ಊರಲ್ಲಿ ಮಾಟಗಾತಿಯರನ್ನ ಜೀವಂತ ಸುಟ್ರು ಅಂತ ಶುರು ಮಾಡಿದ, ಬೆಳಗ್ಗೆಯಿಂದ ಮ್ಯೂಸಿಯಂ ಸುತ್ತಿ ಬಂದಿದ್ದ ನನ್ನ ಮಗಳು ಕೈ ಎತ್ತಿ ಇಲ್ಲ ಅಂಕಲ್ ಹ್ಯಾಂಗ್ ಮಾಡಿದ್ದು ಅಂದ್ಳು, ಅಲ್ಲಿಗೆ ಟೂರ್ ಮುಗೀತು ಅಂದ್ಕೊಳ್ಳಿ. ಆಮೇಲೆ ಅವನು ಹೇಳಿದ ಯಾವ ದೆವ್ವನೂ ಯಾರೂ ನಂಬಲಿಲ್ಲ. ಗೋಸ್ಟ್ ಟೂರ್ ಹೋಗ್ಲೇಬೇಕು ಅನ್ನೋರು ಇತಿಹಾಸದ ವಾಕಿಂಗ್ ಟೂರ್ ಮಾಡಿಸೋರ ಹತ್ರ ಹೋಗಿ, ರಿವ್ಯೂ ಓದಿ ತಗೊಳ್ಳಿ, ಅಕ್ಟೋಬರ್‌ನಲ್ಲಿ ಎಲ್ಲರೂ ಗೈಡ್ ಆಗಿಬಿಡ್ತಾರೆ.

ದುಡ್ಡು ಕೊಟ್ಟು ನೋಡಿದ್ರಲ್ಲಿ ನಿಜವಾಗ್ಲೂ ಇಷ್ಟ ಆಗಿದ್ದು ವಿಚ್ ಹೌಸ್. ಹೆಸರು ಹಾಗಿದ್ರೂ ಅಲ್ಲಿ ಮಾಟಗಾತಿ ಯಾರೂ ಇರ್ಲಿಲ್ಲ, ವಿಚಾರಣೆ ಮಾಡಿದ ಜಡ್ಜ್ ಜೋನಾಥನ್ ಕಾರ್ವಿನ್ ಮನೆ ಅದು, 1675ರಲ್ಲಿ ಅವನು ಕೊಂಡ್ಕೊಂಡಿದ್ದು. ಆ ಪ್ರಕರಣಕ್ಕೆ ನೇರ ಸಂಬಂಧ ಇರೋ ಕಟ್ಟಡ ಅಂತ ಸೇಲಂನಲ್ಲಿ ಇವತ್ತಿಗೂ ನಿಂತಿರೋದು ಇದೊಂದೇ. ಹೊರಗಿಂದ ಕಪ್ಪಗೆ, ಚೂಪು ಛಾವಣಿ, ಒಳಗೆ ತಲೆ ತಗಲೋ ಅಷ್ಟು ತಗ್ಗಿನ ತೊಲೆಗಳು, ಒಬ್ಬ ಮನುಷ್ಯ ಒಳಗೇ ನಿಲ್ಲಬಹುದಾದಷ್ಟು ದೊಡ್ಡ ಒಲೆ. ರಸ್ತೆ ಅಗಲ ಮಾಡೋವಾಗ 1940ರ ದಶಕದಲ್ಲಿ ಇಡೀ ಮನೆಯನ್ನೇ ಎತ್ತಿ ಸ್ವಲ್ಪ ಹಿಂದಕ್ಕೆ ಸರಿಸಿ ಉಳಿಸ್ಕೊಂಡ್ರಂತೆ, ನಮ್ಮೂರಲ್ಲಿ ರಸ್ತೆ ಅಗಲ ಮಾಡಿದ್ರೆ ಮನೆ ಅರ್ಧ ಹೋಗುತ್ತೆ ಅಂತ ಯಜಮಾನರು ಗೊಣಗಿದ್ರು. ಆ ಕಾಲದ ಮನೆಗಳಲ್ಲಿ ಕೆಟ್ಟದ್ದು ಒಳಗೆ ಬರಬಾರದು ಅಂತ ಗೋಡೆ ಒಳಗೆ, ಚಿಮಣಿ ಪಕ್ಕ ಹಳೇ ಶೂ ಬಚ್ಚಿಡೋ ಪದ್ಧತಿ ಇತ್ತು, ನ್ಯೂ ಇಂಗ್ಲೆಂಡ್ ಕಡೆ ಹಳೇ ಮನೆ ರಿಪೇರಿ ಮಾಡೋವಾಗ ಇವತ್ತಿಗೂ ಸಿಗ್ತವೆ. ಇದನ್ನ ಕೇಳಿದ್ದೇ ಅತ್ತೆ ಮುಖ ಅರಳ್ತು, ನೋಡಮ್ಮ, ನಮ್ಮೂರಲ್ಲಿ ಲಾರಿ ಹಿಂದೆ ಹಳೇ ಚಪ್ಪಲಿ ಕಟ್ಟಲ್ವಾ, ಕಟ್ಟೋ ಮನೆ ಮುಂದೆ ನೇತು ಹಾಕಲ್ವಾ, ಅದೇ ಇದು ಅಂತ. ಅಲ್ಲಿದ್ದ ಸಿಬ್ಬಂದಿ ಹುಡುಗಿಗೆ ನಾನು ಅದನ್ನ ಇಂಗ್ಲಿಷಲ್ಲಿ ಹೇಳಿದ್ರೆ ಅವಳು ಖುಷಿಪಟ್ಟು ಲಾರಿ ಹಿಂದೆ ಯಾವ ಕಾಲಿಂದು ಕಟ್ತಾರೆ ಅಂತ ಕೇಳಿದ್ಳು, ಅತ್ತೆ ಹತ್ರನೂ ಉತ್ತರ ಇರ್ಲಿಲ್ಲ.

ಈಗ ಪುಕ್ಕಟೆ ಜಾಗಗಳಿಗೆ ಬರ್ತೀನಿ, ಐದು ಸ್ಟಾರ್ ಕೊಟ್ಟಿದ್ದು ಇವಕ್ಕೇ.

ಊರ ನಡುವೆ ಚಾರ್ಟರ್ ಸ್ಟ್ರೀಟ್‌ನಲ್ಲಿ 1637ರ ಹಳೇ ಸ್ಮಶಾನ ಇದೆ, ಅದರ ಪಕ್ಕದಲ್ಲೇ ಸೇಲಂ ವಿಚ್ ಟ್ರಯಲ್ಸ್ ಮೆಮೋರಿಯಲ್. ಘಟನೆ ನಡೆದು 300 ವರ್ಷ ಆದಾಗ, 1992ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಲೀ ವೀಸೆಲ್ ಬಂದು ಉದ್ಘಾಟನೆ ಮಾಡಿದ್ದು. ದೊಡ್ಡ ಪ್ರತಿಮೆ ಏನೂ ಇಲ್ಲ. ಮೂರು ಕಡೆ ಕಲ್ಲಿನ ಗೋಡೆ, ಆ ಗೋಡೆಯಿಂದಲೇ ಹೊರಗೆ ಚಾಚಿರೋ 20 ಗ್ರಾನೈಟ್ ಚಪ್ಪಡಿಗಳು, ನಮ್ಮೂರಿನ ಜಗಲಿ ಎತ್ತರದಲ್ಲಿ, ಒಂದೊಂದರ ಮೇಲೂ ಒಂದು ಹೆಸರು, ಹೇಗೆ ಸತ್ತಿದ್ದು, ಯಾವ ತಾರೀಕು, ಅಷ್ಟೇ. ಒಳಗೆ ಕಾಲಿಡೋ ಜಾಗದಲ್ಲಿ ನೆಲದ ಕಲ್ಲಿನ ಮೇಲೆ ಆ ಜನ ಕೋರ್ಟಲ್ಲಿ ನಾನು ನಿರಪರಾಧಿ ಅಂತ ಹೇಳಿದ ಮಾತುಗಳನ್ನ ಕೆತ್ತಿದಾರೆ, ಆದ್ರೆ ಗೋಡೆ ಬಂದು ವಾಕ್ಯ ಅರ್ಧಕ್ಕೇ ಕಟ್ ಆಗುತ್ತೆ, ಉಳಿದ ಅರ್ಧ ಗೋಡೆ ಕೆಳಗೆ ಹೋಯ್ತು ಅನ್ನೋ ಹಾಗೆ. ಬಗ್ಗಿ ಓದ್ತಾ ಓದ್ತಾ ಅಲ್ಲಿಗೆ ಬಂದಾಗ ಯಾರಿಗಾದ್ರೂ ಒಂದು ಕ್ಷಣ ಮಾತು ನಿಲ್ಲುತ್ತೆ. ಎಷ್ಟೋ ಜನ ಅದು ಗೊತ್ತಾಗ್ದೇ ಅದರ ಮೇಲೇ ನಿಂತು ಸೆಲ್ಫಿ ತೆಗೀತಿದ್ರು, ಅದೂ ಸರಿನೇ, ಆ ಕಾಲದಲ್ಲೂ ಕೋರ್ಟಲ್ಲಿ ಇದ್ದೋರು ಹಾಗೇ ಕಿವಿ ಕೊಡದೇ ಇದ್ದೋರು ಅಂತ ಕಟ್ಟಿದೋರು ಲೆಕ್ಕ ಹಾಕೇ ಕಟ್ಟಿರಬೇಕು.

ಸಾರಾ ಗುಡ್ ಚಪ್ಪಡಿ ಮೇಲೆ ಯಾರೋ ಒಂದು ಸೇವಂತಿಗೆ, ಎರಡು ಪೆನ್ನಿ, ಒಂದು ಸಣ್ಣ ಬೆಣಚುಕಲ್ಲು ಇಟ್ಟಿದ್ರು. 1692 ಜುಲೈ 19 ಅಂತ ಇದೆ. ಅವಳ ಮಗಳು ಡೊರೊಥಿಗೆ ಆಗ ನಾಲ್ಕೋ ಐದೋ ವರ್ಷ, ಆ ಮಗುವನ್ನೂ ಮಾಟಗಾತಿ ಅಂತ ಹಿಡ್ಕೊಂಡೋಗಿ ತಿಂಗಳುಗಟ್ಟಲೆ ಸರಪಳಿ ಹಾಕಿ ಇಟ್ಟಿದ್ರು. ಜೈಲಿನ ಊಟಕ್ಕೆ, ಆ ಸರಪಳಿಗೂ ಸೇರಿಸಿ ಕೈದಿಗಳೇ ದುಡ್ಡು ಕೊಡಬೇಕಿತ್ತು. ಅತ್ತೆ ಏನೂ ಮಾತಾಡದೆ ಬ್ಯಾಗಿಂದ ಒಂದು ಬಾಳೆಹಣ್ಣು ತೆಗೆದು ಅಲ್ಲಿ ಇಟ್ಟುಬಿಟ್ರು, ನಾನು ಅತ್ತೆ ಇಲ್ಲಿ ಹಣ್ಣು ಎಲ್ಲ ಇಡ್ಬಾರ್ದೇನೋ ಅಂದೆ, ಮಗು ಹಸ್ಕೊಂಡಿದ್ದಿರುತ್ತೆ ಕಣೇ ಅಂದ್ರು. ಹಾಗೇ ಬಿಟ್ವಿ.

ಪಕ್ಕದ ಸ್ಮಶಾನದಲ್ಲಿ ಜಡ್ಜ್ ಜಾನ್ ಹಾಥಾರ್ನ್ ಸಮಾಧಿ ಇದೆ, ಅವನ ವಂಶದಲ್ಲೇ ಮುಂದೆ ಹುಟ್ಟಿದ್ದು ಲೇಖಕ ನಥಾನಿಯಲ್ ಹಾಥಾರ್ನ್, ಅವನು ತನ್ನ ಹೆಸರಿನ ಸ್ಪೆಲ್ಲಿಂಗಲ್ಲಿ ಒಂದು ಅಕ್ಷರ ಜಾಸ್ತಿ ಸೇರಿಸ್ಕೊಂಡ, ಆ ಪೂರ್ವಜನ ಹೆಸರಿಂದ ದೂರ ಇರೋಕೆ ಅಂತ ತುಂಬಾ ಜನ ಹೇಳ್ತಾರೆ. ಜಡ್ಜ್‌ಗಳಲ್ಲಿ ಒಬ್ಬನಾದ್ರೂ, ಸ್ಯಾಮ್ಯುಯೆಲ್ ಸೀವಾಲ್ ಅಂತ, 1697ರಲ್ಲಿ ಚರ್ಚಲ್ಲಿ ಎಲ್ಲರ ಮುಂದೆ ಎದ್ದು ನಿಂತು ತಪ್ಪಾಯ್ತು ಅಂತ ಒಪ್ಕೊಂಡ, ಹಾಥಾರ್ನ್ ಹಾಗೆ ಮಾಡ್ಲಿಲ್ಲ. ಅಕ್ಟೋಬರ್‌ನಲ್ಲಿ ಸ್ಮಶಾನದ ಒಳಗೆ ಒಂದೇ ಸಲ ಜಾಸ್ತಿ ಜನ ಬಿಡಲ್ಲ, ಗೇಟಲ್ಲಿ ಸ್ವಲ್ಪ ಕಾಯಬೇಕು, ಕಾಯಿರಿ ಪರವಾಗಿಲ್ಲ. ಗೋರಿ ಕಲ್ಲಿಗೆ ಒರಗಿ ಫೋಟೋ ತೆಗೆಸ್ಕೋಬೇಡಿ, 300 ವರ್ಷದ ಸ್ಲೇಟ್ ಕಲ್ಲು, ಮುರಿಯುತ್ತೆ.

ನೇಣಿಗೆ ಹಾಕಿದ ಜಾಗ ಎಲ್ಲಿ ಅಂತ ಎಷ್ಟೋ ಕಾಲ ಸರಿಯಾಗಿ ಗೊತ್ತೇ ಇರ್ಲಿಲ್ಲ, ಗ್ಯಾಲೋಸ್ ಹಿಲ್ ತುದಿಯಲ್ಲಿ ಅಂತ ಎಲ್ಲರೂ ಅಂದ್ಕೊಂಡಿದ್ರು. 2016ರಲ್ಲಿ ಸಂಶೋಧಕರ ಒಂದು ತಂಡ ಹಳೇ ಸಾಕ್ಷಿ ಹೇಳಿಕೆ, ನಕ್ಷೆ ಎಲ್ಲ ಹೊಂದಿಸಿ ತುದಿಯಲ್ಲಲ್ಲ, ಬುಡದ ಹತ್ರ ಇರೋ ಪ್ರಾಕ್ಟರ್ಸ್ ಲೆಡ್ಜ್ ಅನ್ನೋ ಬಂಡೆ ಅಂತ ಖಚಿತ ಮಾಡಿದ್ರು, 2017ರ ಜುಲೈ 19ಕ್ಕೆ ಅಲ್ಲೊಂದು ಸಣ್ಣ ಸ್ಮಾರಕ ಆಯ್ತು. ಈಗ ಅದು ಎಲ್ಲಿದೆ ಗೊತ್ತಾ, ವಾಲ್‌ಗ್ರೀನ್ಸ್ ಮೆಡಿಕಲ್ ಶಾಪ್ ಹಿಂದೆ, ಮನೆಗಳ ಮಧ್ಯೆ. ಅರ್ಧ ಚಂದ್ರಾಕಾರದ ಕಲ್ಲಿನ ಗೋಡೆ, 19 ಹೆಸರು, ನಡುವೆ ಒಂದು ಓಕ್ ಗಿಡ. ಡೌನ್‌ಟೌನಲ್ಲಿ ಕಾಲಿಡೋಕೆ ಜಾಗ ಇಲ್ಲದ ದಿನ ಅಲ್ಲಿ ನಾವು ಬಿಟ್ರೆ ನಾಯಿ ವಾಕಿಂಗ್ ಮಾಡಿಸ್ತಿದ್ದ ಒಬ್ಬರು, ಅಷ್ಟೇ. ಹತ್ತು ಲಕ್ಷ ಜನ ಮಾಟಗಾತಿ ನೋಡೋಕೆ ಬರ್ತಾರೆ, ಅದಕ್ಕೆ ಕಾರಣವಾದ ಜಾಗಕ್ಕೆ ಇಪ್ಪತ್ತು ನಿಮಿಷ ನಡೆಯೋರು ಇಲ್ಲ. ಇವರೆಂಥ ಜನ ಅಂತ ನಗೋಕೆ ಹೋದೆ, ಯಜಮಾನರು ಸುಮ್ಮನಿರು, ಕಲಬುರಗಿ ಬೀದರ್ ಕಡೆ ಭಾನಾಮತಿ ಮಾಡಿಸ್ತಾಳೆ ಅಂತ ಹೆಂಗಸರನ್ನ ಹೊಡೆದ ಸುದ್ದಿ ಪೇಪರಲ್ಲಿ ಓದ್ಕೊಂಡೇ ಬೆಳೆದಿದೀವಿ, ಮಾಟ ಮಂತ್ರದ ವಿರುದ್ಧ ನಮ್ಮ ಕಾನೂನು ಬಂದಿದ್ದು 2017ರಲ್ಲಿ, ಜಾರಿ ಆಗಿದ್ದು 2020ರಲ್ಲಿ ಅಂದ್ರು. ಇಲ್ಲಿಯ ಲೆಕ್ಕನೂ ಬೇಗ ಮುಗಿದಿಲ್ಲ ಬಿಡಿ, ಶಿಕ್ಷೆ ಆದವರಲ್ಲಿ ಹೆಸರು ತೊಳೆಯದೇ ಉಳಿದಿದ್ದ ಕೊನೆಯವಳು ಎಲಿಜಬೆತ್ ಜಾನ್ಸನ್, ಅವಳನ್ನ ನಿರ್ದೋಷಿ ಅಂತ ರಾಜ್ಯ ಸರ್ಕಾರ ಘೋಷಿಸಿದ್ದು 2022ರಲ್ಲಿ, ಅದೂ ಎಂಟನೇ ಕ್ಲಾಸ್ ಮಕ್ಕಳು ಟೀಚರ್ ಜೊತೆ ಸೇರಿ ಹಿಂದೆ ಬಿದ್ದು ಮಾಡಿಸಿದ್ದು.

ಮಾಟದ ಕಥೆ ಸಾಕಪ್ಪ ಅನ್ನಿಸಿದಾಗ ಪೀಬಾಡಿ ಎಸೆಕ್ಸ್ ಮ್ಯೂಸಿಯಂಗೆ ಹೋಗಿ, ಇದು ಟಿಕೆಟ್ ಇರೋದ್ರಲ್ಲಿ ಐದಕ್ಕೆ ಐದು. ಸೇಲಂ ಒಂದು ಕಾಲಕ್ಕೆ ಭಾರತ, ಸುಮಾತ್ರಾ ಕಡೆ ಹಡಗು ಕಳಿಸಿ ಮೆಣಸು ಬಟ್ಟೆ ವ್ಯಾಪಾರ ಮಾಡಿ ಸಾಹುಕಾರ ಆದ ಊರು ಅನ್ನೋದು ನನಗೆ ಇಲ್ಲಿಗೆ ಬರೋವರೆಗೆ ಯಾರೂ ಹೇಳಿರ್ಲಿಲ್ಲ. 1799ರಲ್ಲಿ ಇಲ್ಲಿಯ ಕ್ಯಾಪ್ಟನ್‌ಗಳು ಈಸ್ಟ್ ಇಂಡಿಯಾ ಮರೀನ್ ಸೊಸೈಟಿ ಅಂತ ಕಟ್ಕೊಂಡ್ರು, ಕೇಪ್ ಆಫ್ ಗುಡ್ ಹೋಪ್ ಅಥವಾ ಕೇಪ್ ಹಾರ್ನ್ ಸುತ್ತಿ ಬಂದವರಿಗೆ ಮಾತ್ರ ಮೆಂಬರ್‌ಶಿಪ್, ಅವರು ತಂದು ಗುಡ್ಡೆ ಹಾಕಿದ ಚಿತ್ರ ವಿಚಿತ್ರ ಸಾಮಾನಿಂದಲೇ ಈ ಮ್ಯೂಸಿಯಂ ಶುರುವಾಗಿದ್ದು. 1790ರ ಡಿಸೆಂಬರ್‌ನಲ್ಲೇ ಮದ್ರಾಸಿನಿಂದ ಬಂದ ಒಬ್ಬ ಭಾರತೀಯನನ್ನ ಸೇಲಂನಲ್ಲಿ ನೋಡಿದೆ ಅಂತ ಇಲ್ಲಿಯ ಪಾದ್ರಿ ವಿಲಿಯಂ ಬೆಂಟ್ಲಿ ಡೈರಿಯಲ್ಲಿ ಬರೆದಿಟ್ಟಿದಾರೆ, ಆ ಚಳೀಲಿ ಆ ಮನುಷ್ಯ ಏನು ಹೊದ್ಕೊಂಡಿದ್ನೋ. ಆನೆ ಕಥೆ ಇನ್ನೂ ಮಜಾ. 1796ರಲ್ಲಿ ಸೇಲಂನ ಕ್ಯಾಪ್ಟನ್ ಜೇಕಬ್ ಕ್ರೌನಿನ್‌ಶೀಲ್ಡ್ ಬಂಗಾಳದಿಂದ ಹಡಗಲ್ಲಿ ಒಂದು ಆನೆಮರಿ ತಂದ, ಅಮೆರಿಕ ನೋಡಿದ ಮೊದಲನೇ ಆನೆ ಅದು. ಅದನ್ನ ಊರೂರು ತಿರುಗಿಸಿ ಟಿಕೆಟ್ ಹಾಕಿ ತೋರಿಸಿದ್ರು, ಆ ಕಾಲದ ಜಾಹೀರಾತಲ್ಲಿ ಕೆಲವು ದಿನ 30 ಬಾಟಲಿ ಪೋರ್ಟರ್ ಬಿಯರ್ ಕುಡಿಯುತ್ತೆ, ಕಾರ್ಕ್ ಸೊಂಡಿಲಲ್ಲಿ ತಾನೇ ಕೀಳುತ್ತೆ ಅಂತ ಹಾಕಿದ್ರು. ಆ ಹಡಗಿನ ದಿನಚರಿ ಬರೆದ ಅಧಿಕಾರಿಗಳಲ್ಲಿ ಒಬ್ಬ ಲೇಖಕ ಹಾಥಾರ್ನ್ ಅಪ್ಪ. ಮ್ಯೂಸಿಯಂನಲ್ಲಿ ಎಂ.ಎಫ್. ಹುಸೇನ್ ಸೇರಿ ನಮ್ಮ ಆಧುನಿಕ ಕಲಾವಿದರ ದೊಡ್ಡ ಸಂಗ್ರಹನೂ ಇದೆ, ಚೆಸ್ಟರ್ ಮತ್ತೆ ಡೇವಿಡಾ ಹರ್ವಿಟ್ಜ್ ಅನ್ನೋ ದಂಪತಿ ಕೂಡಿಸಿದ್ದು. ಚೀನಾದ ಹಳ್ಳಿಯಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಒಂದು ಇಡೀ ಮನೆ ಇದೆ, ಯಿನ್ ಯು ಟಾಂಗ್ ಅಂತ, ನಡುವೆ ತೊಟ್ಟಿ ಇರೋದು. ಅತ್ತೆ ನಮ್ಮ ತವರುಮನೆ ತೊಟ್ಟಿನೂ ಹೀಗೇ ಇತ್ತು ಅಂತ ಅಲ್ಲಿಂದ ಏಳೋಕೇ ತಯಾರಿರ್ಲಿಲ್ಲ.

ಸಮುದ್ರದ ಪಕ್ಕದ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್ 1668ರ ಮನೆ, ಗೈಡ್ ಕರ್ಕೊಂಡೋಗ್ತಾರೆ, ಚಿಮಣಿ ಪಕ್ಕ ಗುಟ್ಟಾಗಿರೋ ಒಂದು ಕಡಿದಾದ ಮೆಟ್ಟಿಲಿದೆ, ಮಂಡಿ ನೋವಿರೋರು, ದಪ್ಪ ಜಾಕೆಟ್ ಹಾಕ್ಕೊಂಡಿರೋರು ಕೆಳಗೇ ಇರಿ. ಅದರ ಎದುರಿಗೇ 1806ರ ಓಲ್ಡ್ ಪೆಪ್ಪರ್ ಕ್ಯಾಂಡಿ ಅಂಗಡಿ, ಅಮೆರಿಕದ ಅತಿ ಹಳೇ ಮಿಠಾಯಿ ಕಂಪನಿ ಅಂತ ಹೆಸರು. ಜಿಬ್ರಾಲ್ಟರ್ ಅಂತ ಬಿಳೀ ಪೆಪ್ಪರ್‌ಮಿಂಟ್ ಅಥವಾ ನಿಂಬೆ ತುಂಡು ಸಿಗುತ್ತೆ, ಮೊದಲು ಕಲ್ಲು, ಆಮೇಲೆ ಬಾಯಲ್ಲಿ ನಿಧಾನ ಕರಗುತ್ತೆ, ಹಳೇ ಕಾಲದ ನಾವಿಕರು ಜೇಬಲ್ಲಿ ಇಟ್ಕೊಂಡು ಹೋಗ್ತಿದ್ದ ಸಿಹಿ. ಮೊಟ್ಟೆ ಜೆಲಾಟಿನ್ ಏನಿದೆ ಅಂತ ಕೇಳಿ ತಗೊಳ್ಳೋರು ಕೌಂಟರಲ್ಲಿ ಕೇಳಿ, ಹೇಳ್ತಾರೆ.

ತಮಾಷೆ ಜಾಗಗಳ ಬಗ್ಗೆ ಹೇಳ್ಬೇಕು ಅಂದ್ರೆ ಇಡೀ ಊರೇ ತಮಾಷೆ. ಪೊಲೀಸ್ ಕಾರಿನ ಮೇಲೆ ಪೊರಕೆ ಹತ್ತಿದ ಮಾಟಗಾತಿ ಲೋಗೋ, ಹೈಸ್ಕೂಲ್ ಟೀಮಿನ ಹೆಸರು ವಿಚಸ್, ಒಂದು ಪ್ರೈಮರಿ ಸ್ಕೂಲ್ ಹೆಸರೇ ವಿಚ್‌ಕ್ರಾಫ್ಟ್ ಹೈಟ್ಸ್. ಲ್ಯಾಪಿನ್ ಪಾರ್ಕಲ್ಲಿ 60ರ ದಶಕದ ಟಿವಿ ಕಾಮಿಡಿಯ ಮಾಟಗಾತಿ ಸಮಂತಾ ಚಂದ್ರನ ಮುಂದೆ ಪೊರಕೆ ಮೇಲೆ ಕೂತಿರೋ ಕಂಚಿನ ಪ್ರತಿಮೆ ಇದೆ, 2005ರಲ್ಲಿ ಒಂದು ಟಿವಿ ಚಾನೆಲ್ ಕೊಟ್ಟಿದ್ದು, ಊರಲ್ಲೇ ಎಷ್ಟೋ ಜನ ಸತ್ತವರಿಗೆ ಇದು ಅವಮಾನ ಅಂತ ಆಗ ಜಗಳ ಮಾಡಿದ್ರು. ಅದರ ಹತ್ರ ಫೋಟೋ ಲೈನು ಯಾವಾಗ್ಲೂ ಇದ್ದೇ ಇರುತ್ತೆ. ಆಮೇಲೆ ನಾವು ಹಾಸ್ಟೆಲಲ್ಲಿ ಕಾಯಿನ್ ಇಟ್ಟು ಪ್ಲಾಂಚೆಟ್ ಅಂತ ಆಡಿ ರಾತ್ರಿಯೆಲ್ಲ ನಿದ್ದೆಗೆಡ್ತಿದ್ವಲ್ಲ, ಅದರ ಊಯಿಜಾ ಬೋರ್ಡ್ ಹಕ್ಕನ್ನ 1966ರಲ್ಲಿ ಕೊಂಡ್ಕೊಂಡಿದ್ದು ಇದೇ ಸೇಲಂನ ಪಾರ್ಕರ್ ಬ್ರದರ್ಸ್ ಕಂಪನಿ, ಮೊನಾಪಲಿ ಆಟ ಮಾರ್ತಿದ್ದೋರು. ಟೆಲಿಫೋನನ್ನ ಗ್ರಹಾಂ ಬೆಲ್ ಸಾರ್ವಜನಿಕರ ಮುಂದೆ ತೋರಿಸಿದ್ದೂ ಇದೇ ಊರಿನ ಲೈಸಿಯಂ ಹಾಲ್‌ನಲ್ಲಿ, 1877ರ ಫೆಬ್ರವರಿಯಲ್ಲಿ, ಅದನ್ನ ಕೇಳೋರೇ ಇಲ್ಲ.

ಹಾಂಟೆಡ್ ಹೌಸ್‌ಗಳ ಬಗ್ಗೆ ಒಂದೇ ಮಾತು. ನಾವು ಹೋಗಿದ್ದು ಒಂದು ಕಡೆ ಗಂಟೆಗಟ್ಟಲೆ ಲೈನು, ಒಳಗೆ ಐದು ನಿಮಿಷ, ಕೊನೇ ರೂಮಲ್ಲಿ ಮುಖವಾಡ ಹಾಕಿದ್ದ ಹುಡುಗ ಫೋನ್ ನೋಡ್ತಾ ಕೂತಿದ್ದ, ನಮ್ಮನ್ನ ಕಂಡು ಗಡಿಬಿಡಿಯಲ್ಲಿ ಎದ್ದು ಬೂ ಅಂದ. ಹೆದರಿದ್ದು ಅವನೇ.

ಈಗ ಹ್ಯಾಲೋವೀನ್ ದಿನ. ಆ ವರ್ಷ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿದ್ದಿತ್ತು, ಬೆಳಗ್ಗೆ ಅತ್ತೆ ಎಲ್ಲರಿಗೂ ಎಣ್ಣೆ ನೀರು ಹಾಕಿಸಿ, ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಮಗಳಿಗೆ ದೆವ್ವದ ವೇಷ ಹಾಕೋಕೆ ಕೂತ್ರು. ಪೊರಕೆ ಟೋಪಿ ಎಲ್ಲ ಎಲ್ಲರೂ ಹಾಕ್ತಾರೆ, ನಮ್ಮ ಮೋಹಿನಿ ಮಾಡೋಣ ಅಂತ ತಮ್ಮ ಬಿಳೀ ಸೀರೆ ಉಡಿಸಿ, ಕೂದಲು ಬಿಚ್ಚಿ ಹರಡಿ, ಕಾಲು ಹಿಂದುಮುಂದಾಗಿರಬೇಕು ಅಂತ ಹಟ ಹಿಡಿದ್ರು. ಯಜಮಾನರು ಹಳೇ ಬಿಳೀ ಶೂ ಎರಡನ್ನ ಮುಂಭಾಗ ಕತ್ತರಿಸಿ ಅವಳ ಶೂನ ಹಿಮ್ಮಡಿಗೆ ಅಂಟಿಸಿ, ನಿಜವಾದ ತುದಿಯನ್ನ ಸೀರೆ ನೆರಿಗೆ ಕೆಳಗೆ ಮುಚ್ಚಿದ್ರು. ಎಸೆಕ್ಸ್ ಸ್ಟ್ರೀಟ್‌ನಲ್ಲಿ ಅವಳು ನಡೀತಿದ್ರೆ ಹಿಂದೆ ಬರ್ತಿದ್ದೋರು ಕೆಳಗೆ ನೋಡಿ ಒಂದು ನಿಮಿಷ ಕನ್‌ಫ್ಯೂಸ್, ಮಾಟಗಾತಿ ಟೋಪಿ ಹಾಕಿದ್ದ ಒಬ್ಬ ಅಜ್ಜಿ ಬಂದು ಇದೇನು ಇದು ಅಂತ ಕೇಳಿ, ಮಗಳು ನಮ್ಮೂರ ದೆವ್ವಕ್ಕೆ ಕಾಲು ಉಲ್ಟಾ ಇರುತ್ತೆ, ಹಾಗೇ ಕಂಡುಹಿಡಿಯೋದು ಅಂತ ವಿವರಿಸಿದ್ಳು, ಅಜ್ಜಿ ಮೊಬೈಲಲ್ಲಿ ಬರ್ಕೊಂಡ್ರು.

ಆ ದಿನ ಅಕ್ಟೋಬರ್ ಕೊನೆಗೆ ಸಿಗದಂಥ ಸೆಕೆ ಇತ್ತು, ಮುಖಕ್ಕೆ ಬಣ್ಣ ಬಳ್ಕೊಂಡಿದ್ದೋರೆಲ್ಲ ಬೆವರಿ ದೆವ್ವಕ್ಕಿಂತ ಕೆಟ್ಟದಾಗಿ ಕಾಣ್ತಿದ್ರು. ಸಾಯಂಕಾಲ ಆದ ಮೇಲೆ ಜನ ಅಂದ್ರೆ ಜನ, ಡೌನ್‌ಟೌನ್ ರಸ್ತೆಗಳು ಬಂದ್, ವೇಷ ಹಾಕಿ ನಿಂತು ಫೋಟೋಗೆ ಟಿಪ್ಸ್ ತಗೊಳ್ಳೋರು ಒಂದು ಕಡೆ, ಮೈಕ್ ಹಿಡ್ಕೊಂಡು ನೀವೆಲ್ಲ ನರಕಕ್ಕೆ ಹೋಗ್ತೀರಿ ಅಂತ ಕಿರುಚೋ ಧರ್ಮಪ್ರಚಾರಕರು ಇನ್ನೊಂದು ಕಡೆ, ಇವರಿಬ್ಬರ ಮಧ್ಯೆ ಈ ಊರಲ್ಲೇ ಇರೋ, ಮಾಟವನ್ನೇ ಧರ್ಮ ಅಂತ ಪಾಲಿಸೋ ವಿಕ್ಕಾ ಪಂಥದ ಜನ ಕಪ್ಪು ಬಟ್ಟೆಯಲ್ಲಿ ಆರಾಮಾಗಿ ಕಾಫಿ ಕುಡೀತಾ ಹೋಗ್ತಿದ್ರು. 1692ರ ಪ್ಯೂರಿಟನ್ನರು, ಅಂದ್ರೆ ಆಗ ಇಲ್ಲಿದ್ದ ಕಟ್ಟುನಿಟ್ಟಿನ ಕ್ರಿಶ್ಚಿಯನ್ ಪಂಥದೋರು, ಇದನ್ನ ನೋಡಿದ್ರೆ ಏನಾಗ್ತಿದ್ರೋ, ಅವರು ಕ್ರಿಸ್‌ಮಸ್ಸನ್ನೇ 1659ರಿಂದ 1681ರವರೆಗೆ ನಿಷೇಧಿಸಿ, ಆಚರಿಸಿದ್ರೆ ಐದು ಶಿಲ್ಲಿಂಗ್ ದಂಡ ಹಾಕ್ತಿದ್ದ ಜನ. ಹ್ಯಾಲೋವೀನ್ ಈ ದೇಶಕ್ಕೆ ಜೋರಾಗಿ ಬಂದಿದ್ದು ಅವರಾದ ಮೇಲೆ ಎಷ್ಟೋ ಕಾಲಕ್ಕೆ, 19ನೇ ಶತಮಾನದಲ್ಲಿ ಐರ್ಲೆಂಡ್ ಸ್ಕಾಟ್‌ಲೆಂಡ್‌ನಿಂದ ವಲಸೆ ಬಂದವರ ಜೊತೆ.

ಮಕ್ಕಳಿದ್ರೆ ನನ್ನ ಮಾತು ಕೇಳಿ, ಕತ್ತಲಾಗೋ ಮುಂಚೆ ಎಸೆಕ್ಸ್ ಸ್ಟ್ರೀಟ್ ಮುಗಿಸಿ ಚೆಸ್ಟ್‌ನಟ್ ಸ್ಟ್ರೀಟ್ ಕಡೆ ಹೋಗಿ. ಹಳೇ ಹಡಗು ಸಾಹುಕಾರರು ಕಟ್ಟಿಸಿದ ಇಟ್ಟಿಗೆ ಮನೆಗಳ ಬೀದಿ, ಅಗಲವಾಗಿದೆ, ಮನೆಯೋರು ಮೆಟ್ಟಿಲ ಮೇಲೆ ಕುರ್ಚಿ ಹಾಕ್ಕೊಂಡು ಬುಟ್ಟಿ ತುಂಬ ಚಾಕಲೇಟ್ ಇಟ್ಕೊಂಡು ಕೂತಿರ್ತಾರೆ, ಬೇರೆ ಊರಿಂದ ಬಂದ ಮಕ್ಕಳಿಗೂ ಇಲ್ಲ ಅನ್ನಲ್ಲ. ಮಗಳು ಒಂದೊಂದು ಮೆಟ್ಟಿಲೂ ಹತ್ತಿ ಇಳೀತಿದ್ರೆ ಅತ್ತೆ ಕೆಳಗೆ ನಿಂತು ಇಷ್ಟು ದೊಡ್ಡ ಮನೆಯೋರು ಪಾಪ ಒಂದೊಂದೇ ಕೊಡ್ತಾರಲ್ಲೇ, ನಮ್ಮ ಸಂಕ್ರಾಂತಿ ಎಳ್ಳು ಬೀರೋದೇ ವಾಸಿ ಅಂತ ತಕರಾರು. ಕೊನೆಗೆ ಒಬ್ಬರು ಅವರಿಗೂ ಒಂದು ಚಾಕಲೇಟ್ ಕೊಟ್ರು, ಆಮೇಲೆ ತಕರಾರು ನಿಂತ್ಹೋಯ್ತು.

ಊಟದ್ದು ಹೇಳೋದಾದ್ರೆ ಇದು ಸಮುದ್ರದ ಊರು, ಕ್ಲ್ಯಾಮ್ ಚೌಡರ್, ಲಾಬ್‌ಸ್ಟರ್ ರೋಲ್ ತಿನ್ನೋರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಅಕ್ಟೋಬರ್‌ನಲ್ಲಿ ಪಿಜ್ಜಾ, ಆಪಲ್ ಸೈಡರ್, ಬಿಸಿ ಸೈಡರ್ ಡೋನಟ್, ಅದಕ್ಕೂ ಲೈನ್. ನಾವು ಚಿತ್ರಾನ್ನ ಡಬ್ಬಿ ತಗೊಂಡೋಗಿ ಡರ್ಬಿ ವಾರ್ಫ್ ಕಟ್ಟೆ ಮೇಲೆ ಹಡಗು ನೋಡ್ತಾ ತಿಂದ್ವಿ, ಆ ಕಟ್ಟೆನೂ ಪುಕ್ಕಟೆ, ನ್ಯಾಷನಲ್ ಪಾರ್ಕ್‌ನೋರದ್ದು, ತುದಿಯ ಲೈಟ್‌ಹೌಸ್‌ವರೆಗೆ ನಡೀಬಹುದು. ಟಾಯ್ಲೆಟ್ ಸಾಲು ಉದ್ದ ಇರುತ್ತೆ, ಮ್ಯೂಸಿಯಂ ಒಳಗಿದ್ದಾಗಲೇ ಮುಗಿಸ್ಕೊಳ್ಳಿ, ಫೋನ್ ನೆಟ್‌ವರ್ಕ್ 31ರ ಸಂಜೆ ಕೈ ಕೊಡುತ್ತೆ, ಎಲ್ಲಿ ಸೇರೋದು ಅಂತ ಮೊದಲೇ ಮಾತಾಡ್ಕೊಂಡಿರಿ. ವಾಪಸ್ ಟ್ರೈನಿಗೆ ಪ್ಲಾಟ್‌ಫಾರ್ಮ್ ತುಂಬ ರಕ್ತ ಬಳ್ಕೊಂಡ ಜನ, ಆದ್ರೂ ನಮ್ಮ ಮೆಜೆಸ್ಟಿಕ್ ನೂಕಾಟ ನೋಡಿದೋರಿಗೆ ಅದು ಏನೂ ಅಲ್ಲ.

ಇನ್ನೂ ಅರ್ಧ ದಿನ ಇದ್ರೆ ಡ್ಯಾನ್‌ವರ್ಸ್‌ಗೆ ಹೋಗಿ. ಈ ಗಲಾಟೆ ನಿಜವಾಗಿ ಶುರುವಾದ ಸೇಲಂ ವಿಲೇಜ್ ಅದೇ, 18ನೇ ಶತಮಾನದಲ್ಲಿ ಹೆಸರು ಬದಲಾಯಿಸ್ಕೊಂಡು ಆರಾಮಾಗಿದಾರೆ, ಒಂದು ಟೀಶರ್ಟ್ ಅಂಗಡಿನೂ ಕಣ್ಣಿಗೆ ಬೀಳಲಿಲ್ಲ. ಪಾದ್ರಿ ಪ್ಯಾರಿಸ್ ಮನೆಯ ತಳಪಾಯದ ಕಲ್ಲು 1970ರಲ್ಲಿ ಅಗೆದು ತೆಗೆದಿದ್ದು ಮನೆಗಳ ಹಿತ್ತಲ ನಡುವೆ ಹಾಗೇ ಬಿಟ್ಟಿದಾರೆ, ಪುಕ್ಕಟೆ, ಯಾರೂ ಇರಲ್ಲ. 71 ವರ್ಷದ ರೆಬೆಕಾ ನರ್ಸ್ ಅಜ್ಜಿ ಮನೆನೂ ಅಲ್ಲೇ, 39 ಜನ ನೆರೆಯೋರು ಇವರು ಒಳ್ಳೆಯೋರು ಅಂತ ಸಹಿ ಹಾಕಿ ಕೊಟ್ರು, ಜ್ಯೂರಿ ಮೊದಲು ನಿರಪರಾಧಿ ಅಂತಾನೇ ಹೇಳ್ತು, ಜಡ್ಜ್ ಇನ್ನೊಂದ್ಸಲ ಯೋಚನೆ ಮಾಡಿ ಅಂದಿದ್ದಕ್ಕೆ ತೀರ್ಪು ತಿರುಗಿ ನೇಣಾಯ್ತು. ಆ ಮನೆ ಸೀಸನ್‌ನಲ್ಲಿ ಕೆಲವೇ ದಿನ ತೆಗೆದಿರುತ್ತೆ, ಚಳಿಗಾಲದಲ್ಲಿ ಬಂದ್, ಹೊರಡೋ ಮುಂಚೆ ಟೈಮಿಂಗ್ ಚೆಕ್ ಮಾಡ್ಕೊಂಡೇ ಹೋಗಿ.